ಸೀಮೆಸುಣ್ಣದ ನಲವತ್ತೆರಡು ಬಾಗಿಲು

"ಈ ಬಾಗಿಲು ಯಾರದಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ಶನಿವಾರ ಬೆಳಗಿನ ಐದೂ ಮುಕ್ಕಾಲು. ಪಾರ್ಕಿಂಗ್ ಜಾಗಕ್ಕೆ ಇನ್ನೂ ಒಂದು ಕಾರೂ ಬಂದಿಲ್ಲ. ಕಂಬದ ದೀಪ ಆರಿಲ್ಲ. ಡಾಂಬರಿನ ಮೇಲೆ ಮಂಡಿಯೂರಿದ ಹೆಂಗಸೊಬ್ಬರು, ಬೆರಳ ಗೆಣ್ಣಿನಷ್ಟು ಉಳಿದ ಸೀಮೆಸುಣ್ಣ ಹಿಡಿದುಕೊಂಡು, ತಾವೇ ಈಗತಾನೆ ಎಳೆದ ಹೊಸಿಲನ್ನು ದಿಟ್ಟಿಸುತ್ತಿದ್ದಾರೆ. ಮೂವತ್ತೊಂದನೆಯ ಹೊಸಿಲು. ಅದರ ಎಡಕ್ಕೆ ಯಾರಿದ್ದರು ಗೊತ್ತು, ಬಲಕ್ಕೆ ಯಾರಿದ್ದರು ಗೊತ್ತು. ನಡುವಿನ ಈ ಏಳಡಿಯಲ್ಲಿ ಯಾರು ಒಲೆ ಹಚ್ಚುತ್ತಿದ್ದರು, ಯಾರ ಮಗು ಅಳುತ್ತಿತ್ತು ಅನ್ನುವುದು ಮಾತ್ರ ಎರಡು ವರ್ಷದಿಂದ ಸಿಕ್ಕಿಲ್ಲ. ಅವರು ಸುಸ್ತಾಗಿ ಉಸಿರು ಬಿಟ್ಟು, ಹೊಸಿಲ ಮೇಲೊಂದು ಪ್ರಶ್ನೆಯ ಗುರುತು ಹಾಕಿ, ಮೊಣಕಾಲಿನ ಧೂಳು ಕೊಡವಿ ಮುಂದಿನ ಮನೆಗೆ ಸರಿಯುತ್ತಾರೆ.

ಅವರ ಹಿಂದೆ ಆರು ಮಂದಿ ಮಕ್ಕಳು. ಇಬ್ಬರ ಕೈಯಲ್ಲಿ ಗಂಟು ಗಂಟು ಕಟ್ಟಿದ ಹಗ್ಗ, ನಾಲ್ವರ ಕೈಯಲ್ಲಿ ಮೊಬೈಲು. ಒಬ್ಬಳು ಹೊಸಿಲ ಫೋಟೋ ತೆಗೆಯುತ್ತಾಳೆ, ಇನ್ನೊಬ್ಬಳು ಪರದೆಯ ಮೇಲಿನ ನಕ್ಷೆಯಲ್ಲಿ ಚುಕ್ಕೆಯನ್ನು ಒಂದು ಕೂದಲೆಳೆಯಷ್ಟು ಅತ್ತ ಸರಿಸುತ್ತಾಳೆ. ಆ ಚುಕ್ಕೆಯನ್ನು ಒತ್ತಿದರೆ ಒಂದು ದನಿ ಮಾತಾಡುತ್ತದೆ. ಕಂಬಕ್ಕೆ ಅಂಟಿಸಿದ ಕ್ಯೂಆರ್ ಕೋಡಿನ ಚೀಟಿಗೆ ಯಾರಾದರೂ ಫೋನು ಹಿಡಿದರೆ ಸಾಕು, ಇಲ್ಲಿ ಇಲ್ಲದಿರುವ ಒಂದು ಬೀದಿ ಅವರ ಕಿವಿಯೊಳಗೆ ಎದ್ದು ನಿಲ್ಲುತ್ತದೆ.

ಮಕ್ಕಳು ಇವರನ್ನು ಗಂಟೆಯಕ್ಕ ಅನ್ನುತ್ತಾರೆ. ಪಕ್ಕದ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಂಟೆ ಹೊಡೆಯುವವರು ಇವರೇ. ದಿನಕ್ಕೆ ಹನ್ನೊಂದು ಸಲ ಗಂಟೆ, ಹದಿನಾಲ್ಕು ಕೋಣೆಗಳ ಕಸ, ಎರಡು ಉದ್ದದ ಪಡಸಾಲೆ, ನೀರಿನ ಟ್ಯಾಂಕು, ಹಾಜರಿ ಪುಸ್ತಕಗಳ ಸಾಗಣೆ. ಇಷ್ಟರ ಮೇಲೆ ಇನ್ನೊಂದು ಕೆಲಸವಿದೆ. ಶಾಲೆಯೊಳಗೆ ಫೋನು ತರಬಾರದು ಎಂಬ ನಿಯಮ ಬಂದಾಗಿನಿಂದ, ಗೇಟಿನಲ್ಲಿ ನಿಂತು ಮಕ್ಕಳ ಫೋನುಗಳನ್ನು ಇಸಿದುಕೊಂಡು, ಹೆಸರು ಬರೆದು, ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುವುದೂ ಇವರ ಪಾಲಿಗೆ ಬಂದಿದೆ. ದಿನಕ್ಕೆ ನೂರ ಅರವತ್ತು ಫೋನು ಇವರ ಕೈಯಿಂದ ದಾಟುತ್ತವೆ. ಅವರ ಸ್ವಂತದ್ದು ಗುಂಡಿ ಒತ್ತುವ ಹಳೇ ಫೋನು.

"ಮಕ್ಕಳ ಫೋನು ಕಿತ್ಕೊಳೋಳೂ ನಾನೇ, ಶನಿವಾರ ಫೋನು ತನ್ನಿ ಅನ್ನೋಳೂ ನಾನೇ," ಎಂದು ನಗುತ್ತಾರೆ. "ಅವರಮ್ಮಂದಿರು ನನಗೆ ಎಷ್ಟು ಶಾಪ ಹಾಕಿರ್ತಾರೋ."

ನಗು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಈ ಕಥೆಯಲ್ಲಿ ನಗುವಂಥದ್ದು ಕಡಿಮೆ.

ಇಲ್ಲಿ ನಲವತ್ತೆರಡು ಮನೆಗಳಿದ್ದವು. ಎದುರು ಬದುರು ಎರಡು ಸಾಲು, ನಡುವೆ ನಾಲ್ಕು ಹೆಜ್ಜೆ ಅಗಲದ ಓಣಿ, ತುದಿಯಲ್ಲಿ ಒಂದು ನಲ್ಲಿ. ರೈಲಿನ ಸಾಮಾನು ಇಳಿಸುವವರು, ಇಸ್ತ್ರಿ ಮಾಡುವವರು, ಕೈಗಾಡಿ ಎಳೆಯುವವರು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರು, ಹೀಗೆ ಊರಿನ ಭಾರ ಹೊತ್ತವರು ಇಲ್ಲಿ ಮಲಗೇಳುತ್ತಿದ್ದರು. ಸಾಲುಮನೆ ಅನ್ನುತ್ತಿದ್ದರು. ಮೂವತ್ತಾರು ವರ್ಷದ ಹಿಂದೆ, ಒಂದೇ ಬೆಳಗಿನಲ್ಲಿ, ಒಂದೇ ಯಂತ್ರ ಅಷ್ಟನ್ನೂ ನೆಲಸಮ ಮಾಡಿತು. ಮಾರುಕಟ್ಟೆಗೆ ಬರುವವರ ಗಾಡಿ ನಿಲ್ಲಿಸಲು ಜಾಗ ಬೇಕಿತ್ತು. ಮನೆ ಕಳೆದುಕೊಂಡವರು ದಿಕ್ಕಿಗೊಬ್ಬರಂತೆ ಚದುರಿದರು. ಆಮೇಲೆ ಊರು ತನ್ನ ಬಗ್ಗೆ ತಾನೇ ಒಂದು ಪುಸ್ತಿಕೆ ಬರೆದುಕೊಂಡಿತು. ಶಾಲೆಯ ಮಕ್ಕಳಿಗೆ ಹಂಚಲು. ನುಣುಪು ಕಾಗದ, ಬಣ್ಣದ ಚಿತ್ರ. ಅದರ ಹದಿನೇಳನೆಯ ಪುಟದಲ್ಲಿ ಹೀಗಿದೆ: "ಪಾರ್ಕಿಂಗ್ ಪ್ರದೇಶದಲ್ಲಿ ಹಿಂದೆ ಖಾಲಿ ಬಯಲಿತ್ತು."

ಆ ಸಾಲನ್ನು ಎರಡು ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿ ಮೇಷ್ಟರು ಗಟ್ಟಿಯಾಗಿ ಓದಿ ಬರೆಸುತ್ತಿದ್ದರು. ಗಂಟೆಯಕ್ಕ ಹೊರಗೆ ಪಡಸಾಲೆ ಒರೆಸುತ್ತಿದ್ದರು. ಸಾಲುಮನೆಯ ಹದಿಮೂರನೆಯ ಬಾಗಿಲಿನಲ್ಲಿ ಹುಟ್ಟಿ, ಹನ್ನೊಂದು ವರ್ಷದವರೆಗೆ ಅದೇ ಹೊಸಿಲ ಮೇಲೆ ಕೂತು ಮಗ್ಗಿ ಕಲಿತವರು ಅವರು. ಮೂವತ್ತೆಂಟು ಮಕ್ಕಳು "ಖಾಲಿ ಬಯಲು" ಎಂದು ಒಟ್ಟಿಗೆ ಬರೆದುಕೊಳ್ಳುವ ಪೆನ್ನಿನ ಸದ್ದು ಅವರಿಗೆ ಕೇಳಿಸಿತು.

"ನೆಲ ಒರೆಸೋಳು ನೆಲ ಒರೆಸ್ಕೊಂಡಿರ್ಬೇಕು, ನಿಜ. ಆದ್ರೆ ಕೈ ನಿಂತ್ಬಿಡ್ತು. ಖಾಲಿ ಇರ್ಲಿಲ್ಲ ಅಂದ್ಬಿಟ್ಟೆ. ಮೆಲ್ಲಗೇ ಅಂದಿದ್ದು. ಇಡೀ ಕ್ಲಾಸು ತಿರುಗಿ ನೋಡ್ತು."

ಮೇಷ್ಟರು ಕೆಟ್ಟವರಲ್ಲ. ಪುಸ್ತಿಕೆಯಲ್ಲಿ ಇದ್ದದ್ದನ್ನು ಓದಿದೆ, ಅಷ್ಟೇ ಎಂದರು. ಬಾಗಿಲ ಹತ್ತಿರ ಕೂತಿದ್ದ ಕನ್ನಡಕದ ಹುಡುಗಿ ಮಾತ್ರ ಗಂಟೆ ಬಾರಿಸುವವರೆಗೂ ಕಾದಿದ್ದು ಹೊರಗೆ ಬಂದು, ಖಾಲಿ ಇಲ್ಲದಿದ್ದರೆ ಮತ್ತೇನಿತ್ತು ಅಕ್ಕಾ ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಆ ಶಾಲೆಯಲ್ಲಿ ಗಂಟೆಯಕ್ಕನನ್ನು ಯಾರಾದರೂ ಏನನ್ನಾದರೂ ತಿಳಿದುಕೊಳ್ಳಲು ಕೇಳಿದ್ದು ಅದೇ ಮೊದಲು. ಬಕೆಟ್ಟು ಅಲ್ಲೇ ಬಿಟ್ಟು, ಕಿಟಕಿಯಿಂದ ಪಾರ್ಕಿಂಗ್ ಜಾಗ ತೋರಿಸಿ, ಅವರು ಮನೆಗಳನ್ನು ಹೇಳತೊಡಗಿದರು. ಒಂದು, ಎರಡು, ಮೂರು, ಬಾಯಿಪಾಠ ಒಪ್ಪಿಸುವವರ ಹಾಗೆ. ಒಂಬತ್ತನೆಯ ಬಾಗಿಲಿಗೆ ಬರುವಷ್ಟರಲ್ಲಿ ಹುಡುಗಿ ಫೋನು ತರಲು ಪೆಟ್ಟಿಗೆಯ ಕಡೆ ಓಡಿದ್ದಳು. ಬೀಗದ ಕೈ ಇದ್ದದ್ದು ಗಂಟೆಯಕ್ಕನ ಬಳಿಯೇ. ಕೊಟ್ಟರು. ನಿಯಮ ಮುರಿದದ್ದಕ್ಕೆ ಮಾರನೆಯ ದಿನ ಹೆಡ್‌ಮಾಸ್ಟರರಿಂದ ಬೈಸಿಕೊಂಡರು.

ಆ ವರ್ಷದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಬಂತು. ಪಾರ್ಕಿಂಗ್ ಪ್ರದೇಶದಲ್ಲಿ ಹಿಂದೆ ಏನಿತ್ತು? ಹನ್ನೊಂದು ಮಕ್ಕಳು ನಲವತ್ತೆರಡು ಮನೆಗಳು ಎಂದು ಬರೆದರು. ಹನ್ನೊಂದು ಮಂದಿಗೂ ಸೊನ್ನೆ. ಉತ್ತರದ ಹಾಳೆಯಲ್ಲಿ ಇದ್ದದ್ದಕ್ಕೆ ಹೊಂದುವುದಿಲ್ಲವಂತೆ. ಈ ಸಂಗತಿ ಹೇಳುವಾಗ ಗಂಟೆಯಕ್ಕನ ದನಿ ಏರುವುದಿಲ್ಲ, ಇನ್ನಷ್ಟು ತಗ್ಗುತ್ತದೆ. ಅವರ ಸಿಟ್ಟು ಹಾಗೆ. ಪಾತ್ರೆಯ ತಳದಲ್ಲಿ ಕುದಿಯುವ ನೀರಿನ ಹಾಗೆ ಸದ್ದು ಮಾಡದೆ ಮುಚ್ಚಳ ಎತ್ತುತ್ತದೆ. "ಮನೆ ಕಿತ್ಕೊಂಡ್ರು, ಹೋಗ್ಲಿ. ಇತ್ತು ಅಂತ ಬರೆದ ಮಗೂಗೂ ಸೊನ್ನೆ ಕೊಡ್ತಾರಲ್ಲ, ಇವರಿಗೆ ಇನ್ನೂ ಏನು ಕಿತ್ಕೊಳೋಕೆ ಬಾಕಿ ಇದೆ?"

ಹಾಗೆ ಶನಿವಾರಗಳು ಶುರುವಾದವು. ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ, ನಾಲ್ಕಕ್ಕೇ ಹೊರಡಬೇಕು. ಅವರ ಜೊತೆಗೇ ಎದ್ದು, ಕಪ್ಪು ಚಹಾ ಕುಡಿದು, ಊರಿನ ಇನ್ನೊಂದು ತುದಿಯ ಎರಡು ಕೋಣೆಯ ಮನೆಯಿಂದ ಮೊದಲ ಬಸ್ಸು ಹಿಡಿಯುತ್ತಾರೆ. ಜೇಬಿನಲ್ಲಿ ಕರಿಹಲಗೆಗಳ ಕೆಳಗೆ ವಾರವಿಡೀ ಆರಿಸಿಟ್ಟ ಸೀಮೆಸುಣ್ಣದ ಚೂರುಗಳು. ಗಂಡನಿಗೆ ಇದೊಂದು ತಮಾಷೆ. ಇರುವ ಮನೆಗೆ ಒಂದು ನೆಟ್ಟಗಿನ ಬಾಗಿಲು ಹಾಕಿಸೋಕಾಗಿಲ್ಲ, ಇಲ್ಲದ ಮನೆಗಳಿಗೆ ನಲವತ್ತೆರಡು ಬಾಗಿಲು ಬರೆಯೋಕೆ ಹೊರಟಿದಾಳೆ ಎಂದು ಬೇಕರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹಾಗೆ ಹೇಳುತ್ತಲೇ ಶನಿವಾರ ಮಕ್ಕಳಿಗೆಂದು ಒಂದು ಪೊಟ್ಟಣ ಬನ್ನು ಕಟ್ಟಿಕೊಡುವುದನ್ನೂ ಬಿಟ್ಟಿಲ್ಲ.

ಕೆಲಸದ ಕ್ರಮ ಇಷ್ಟು. ಸಾಲುಮನೆಯಲ್ಲಿದ್ದ ಯಾರಾದರೂ ಸಿಕ್ಕರೆ ಅವರನ್ನು ಬೆಳಗಿನಲ್ಲೇ ಇಲ್ಲಿಗೆ ಕರೆತರಬೇಕು. ಬರೆದ ಹೊಸಿಲ ಮೇಲೆ ನಿಲ್ಲಿಸಬೇಕು. ನಿಂತಮೇಲೆ ಏನನ್ನೂ ಕೇಳಬಾರದು, ಅವರಾಗಿಯೇ ಬಾಯಿ ತೆರೆಯುವವರೆಗೆ ಕಾಯಬೇಕು. ಮಕ್ಕಳಿಗೆ ಈ ಕಾಯುವುದೇ ಕಷ್ಟವಾಗಿತ್ತು. ಮೊದಮೊದಲು ಅವರು ಫೋನು ಮೂಗಿನ ಮುಂದೆ ಹಿಡಿದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದರು. ಗಂಟೆಯಕ್ಕ ಕಣ್ಣು ಬಿಟ್ಟು ಸುಮ್ಮನಾಗಿಸಿದರು. ಕೂತಲ್ಲಿ ಹೇಳುವವರು ಊರ ಸುದ್ದಿ ಹೇಳುತ್ತಾರೆ, ತಮ್ಮ ಹೊಸಿಲ ಮೇಲೆ ನಿಂತವರು ತಮ್ಮದನ್ನು ಹೇಳುತ್ತಾರೆ ಎಂಬುದು ಅವರ ಅನುಭವ. ಒಬ್ಬ ಹಮಾಲಜ್ಜ ಹನ್ನೆರಡು ನಿಮಿಷ ಸುಮ್ಮನೆ ನಿಂತಿದ್ದು, ಆಮೇಲೆ ತಟ್ಟನೆ ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಆ ಮನೆಯ ಬಾಗಿಲು ಗಿಡ್ಡವಿತ್ತು. ಬಯಲಲ್ಲಿ ನಿಂತ ಆ ಮುದುಕನ ಕತ್ತಿಗೆ ಅದು ಮೂವತ್ತಾರು ವರ್ಷ ನೆನಪಿತ್ತು.

ತಪ್ಪುಗಳೂ ಆದವು. ಮಕ್ಕಳು ಮೊದಲ ಸಲ ಚುಕ್ಕೆಗಳನ್ನು ಫೋನು ತೋರಿಸಿದ ಜಾಗಕ್ಕೇ ಇಟ್ಟರು. ಫೋನು ಐದಾರು ಹೆಜ್ಜೆ ಅತ್ತಿತ್ತ ತೋರಿಸುವುದುಂಟು. ದೊಡ್ಡ ಬಂಗಲೆಗಳಿರುವ ಕಡೆ ಅದರಿಂದ ಏನೂ ಕೆಡುವುದಿಲ್ಲ. ಏಳಡಿಯ ಮನೆಗಳಲ್ಲಿ ಐದು ಹೆಜ್ಜೆ ಅಂದರೆ ಎರಡು ಸಂಸಾರ. ಹಾಗಾಗಿ ಹತ್ತೊಂಬತ್ತನೆಯ ಬಾಗಿಲಿನ ಇಸ್ತ್ರಿಯಮ್ಮನ ದನಿ ಹೋಗಿ ಹದಿನೇಳನೆಯ ಮನೆಯೊಳಗೆ ಕೂತಿತು. ಹದಿನೇಳರ ಯಜಮಾನಿಗೂ ಇಸ್ತ್ರಿಯಮ್ಮನಿಗೂ ನಲ್ಲಿಯ ಬಳಿ ಒಂದು ಬಕೆಟ್ಟಿನ ವಿಷಯಕ್ಕೆ ಶುರುವಾಗಿದ್ದ ಜಗಳ ಇಪ್ಪತ್ತು ವರ್ಷ ನಡೆದಿತ್ತು. ಯಜಮಾನಿಯ ಮಗಳು, ಈಗ ಅರವತ್ತರ ಹೆಂಗಸು, ತಾಯಿಯ ಮನೆ ಕೇಳೋಣವೆಂದು ಮೊಮ್ಮಗಳ ಫೋನು ಹಿಡಿದು ಬಂದವರು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ನಮ್ಮಮ್ಮ ಬದುಕಿರೋವಾಗ ಆಕೇನ ಹೊಸಿಲು ತುಳಿಯೋಕೆ ಬಿಟ್ಟಿರ್ಲಿಲ್ಲ. ನೀವು ಅಮ್ಮ ಸತ್ತಮೇಲೆ ಆಕೇನ ತಂದು ನಡುಮನೇಲೇ ಕೂರ್ಸಿದೀರಲ್ಲೇ."

ಅವತ್ತಿನಿಂದ ಹಗ್ಗ ಬಂತು. ಏಳಡಿಗೊಂದು ಗಂಟು. ಹಳೆಯ ನಲ್ಲಿಯ ಕಲ್ಲುಕಟ್ಟೆಯ ಒಂದು ಮೂಲೆ ಡಾಂಬರಿನಿಂದ ಇನ್ನೂ ಹೊರಗೆ ಇಣುಕುತ್ತದೆ. ಅಲ್ಲಿಂದ ಹಗ್ಗ ಹಿಡಿದು, ಗಂಟೆಣಿಸಿ, ಹೊಸಿಲು ಬರೆದು, ಆಮೇಲೆ ಚುಕ್ಕೆ ಇಡಬೇಕು. ಫೋನಿನ ಮಾತನ್ನು ಹಗ್ಗ ಒಪ್ಪಿದರೆ ಮಾತ್ರ ಫೋನಿನ ಮಾತು ನಿಜ. ಎಂಟೂವರೆಗೆ ಕಾರುಗಳು ಬರತೊಡಗುತ್ತವೆ, ಒಂಬತ್ತಕ್ಕೆ ಚಕ್ರಗಳು ಎಲ್ಲವನ್ನೂ ಅಳಿಸಿರುತ್ತವೆ. ಮುಂದಿನ ಶನಿವಾರ ಮತ್ತೆ ಒಂದರಿಂದ. ಇದುವರೆಗೆ ಮೂವತ್ತೇಳು ಬಾಗಿಲುಗಳ ಮನೆಯವರು ಸಿಕ್ಕಿದ್ದಾರೆ. ಅರವತ್ತೊಂದು ದನಿಗಳು, ಒಂಬತ್ತು ಗಂಟೆ ಇಪ್ಪತ್ತು ನಿಮಿಷದ ಮಾತು. ಕಂಬದ ಚೀಟಿಗೆ ಮೂರು ಸಾವಿರ ಚಿಲ್ಲರೆ ಸಲ ಜನ ಫೋನು ಹಿಡಿದಿದ್ದಾರೆ. ಚೀಟಿಯನ್ನು ಕಿತ್ತೆಸೆಯಲು ಕಾವಲಿನವನಿಗೆ ಮೇಲಿಂದ ಅಪ್ಪಣೆಯಿದೆ. ಅವನು ತಿಂಗಳಿಗೊಮ್ಮೆ ಕೀಳುತ್ತಾನೆ, ಕೀಳುವ ಮುಂಚೆ ಕನ್ನಡಕದ ಹುಡುಗಿಗೆ ಹೇಳಿ ಕಳಿಸುತ್ತಾನೆ, ಹೊಸದು ತಂದಿಟ್ಟುಕೋ ಅಂತ.

ಈ ಅರವತ್ತೊಂದು ದನಿಗಳಲ್ಲಿ ಒಂದು ಗಂಟೆಯಕ್ಕನ ಅಮ್ಮನದು.

ಎಪ್ಪತ್ತೆಂಟು ವರ್ಷ. ಆಸ್ಪತ್ರೆಯ ಬಟ್ಟೆ ಒಗೆದು ಮಕ್ಕಳನ್ನು ಸಾಕಿದ ಹೆಂಗಸು. ಕಳೆದ ವರ್ಷ ಹದಿಮೂರನೆಯ ಹೊಸಿಲ ಮೇಲೆ ನಿಂತು ನಾಲ್ಕು ನಿಮಿಷ ಮಾತಾಡಿದ್ದಾರೆ. ಮಾತಿಗೆ ಒಂದು ನಡೆಯಿದೆ. ಎಲ್ಲೂ ಅವಸರವಿಲ್ಲ, ಪದ್ಯ ಓದುವವರು ಉಸಿರು ತೆಗೆದುಕೊಳ್ಳಲು ನಿಲ್ಲುವಂಥ ಕಡೆಗಳಲ್ಲಿ ನಿಲ್ಲುತ್ತಾರೆ. ಮಕ್ಕಳ ಫೋನಿನೊಂದು ಆ್ಯಪು ಆ ನಿಲುಗಡೆಗಳನ್ನು ತನ್ನಷ್ಟಕ್ಕೆ ಕತ್ತರಿಸಿ ಹಾಕಿತ್ತು. ಕೇಳಿದ ಗಂಟೆಯಕ್ಕ, ಇದು ನಮ್ಮಮ್ಮ ಅಲ್ಲ, ಬಸ್‌ಸ್ಟ್ಯಾಂಡಲ್ಲಿ ಟಿಕೆಟ್ ಕೂಗೋಳ ಥರ ಇದೆ ಎಂದು ಮೂಲದ್ದನ್ನೇ ಹಾಕಿಸಿದರು.

ಮೊದಲೆರಡು ನಿಮಿಷ ಮನೆಯ ಮಾತು. ನೀರು, ನೆಂಟರು, ಸೋರುವ ಮೂಲೆ. ಆಮೇಲೆ ಆ ಬೆಳಗು. ಮಧ್ಯಾಹ್ನದವರೆಗೆ ಸಮಯ ಕೊಟ್ಟಿದ್ದೇವೆ ಎಂದು ಹೇಳಿ ಹೋದವರು ಆರು ಗಂಟೆಗೇ ಯಂತ್ರದ ಜೊತೆ ಬಂದರು. ಒಲೆಯ ಮೇಲೆ ಹಾಲಿತ್ತು. ಹಾಸಿಗೆ, ಟ್ರಂಕು, ಹುಡುಗಿಯ ಶಾಲೆಚೀಲ ಹೊರಗೆ ಹಾಕಿ, ಅಮ್ಮ ಬಾಗಿಲು ಎಳೆದು ಬೀಗ ಹಾಕಿದರು. ಯಂತ್ರದವನು ನಕ್ಕ. ಬೀಗ ಹಾಕಿದ ಬಾಗಿಲನ್ನೇ ಗೋಡೆಯ ಸಮೇತ ಉರುಳಿಸಿದ. ಧ್ವನಿಮುದ್ರಿಕೆಯಲ್ಲಿ ಅಮ್ಮ ಹೇಳುತ್ತಾರೆ: "ಮನೆ ಬಿಟ್ಟು ಹೊರಡೋವಾಗ ಬೀಗ ಹಾಕದೇ ಹೋಗ್ತಾರೇನಪ್ಪಾ ಯಾರಾದ್ರೂ? ಅವನು ನಕ್ಕಿದ್ದು ಇನ್ನೂ ಕಿವೀಲಿದೆ."

ಎಂಟು ತಿಂಗಳ ಹಿಂದೆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಈಗ ಒಂದೆರಡು ಸದ್ದು ಮಾಡುತ್ತಾರೆ, ಅಷ್ಟೇ. ಆ ನಾಲ್ಕು ನಿಮಿಷ ಬಿಟ್ಟರೆ ಅಮ್ಮನ ಮಾತು ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಅದಕ್ಕೇ ಈಗ ಕತ್ತರಿ ಬಂದಿದೆ.

ಊರಿನ ಕಚೇರಿಯವರು ಊರಿನ ಇತಿಹಾಸ ಹೇಳುವ ದೊಡ್ಡದೊಂದು ಆ್ಯಪು ಮಾಡಿಸುತ್ತಿದ್ದಾರೆ. ಮಕ್ಕಳ ಕೆಲಸ ಅವರ ಕಣ್ಣಿಗೆ ಬಿದ್ದಿದೆ. ಹೆಡ್‌ಮಾಸ್ಟರರಿಗೆ ಮೆಚ್ಚುಗೆಯ ಪತ್ರ ಬಂತು. ಅದರಲ್ಲಿ ಶಾಲೆಯ ಹೆಸರಿತ್ತು, ಹೆಡ್‌ಮಾಸ್ಟರರ ಹೆಸರಿತ್ತು, ಖಾಲಿ ಬಯಲು ಬರೆಸಿದ ಮೇಷ್ಟರ ಹೆಸರೂ ಇತ್ತು. ಕೊನೆಯಲ್ಲಿ "ಮತ್ತು ಸಿಬ್ಬಂದಿ" ಎಂದಿತ್ತು. ಸೂಚನಾ ಫಲಕಕ್ಕೆ ಹಾಕಿದ ಆ ಪತ್ರದ ಮೇಲೆ ಕನ್ನಡಕದ ಹುಡುಗಿ ಸಿಬ್ಬಂದಿ ಅನ್ನುವುದನ್ನು ಹೊಡೆದು ಹಾಕಿ ಪೆನ್ನಿನಲ್ಲಿ "ನಮ್ಮ ಗಂಟೆಯಕ್ಕ" ಎಂದು ಬರೆದು, ಒಂದು ದಿನ ತರಗತಿಯ ಹೊರಗೆ ನಿಂತಳು. ಅವಳು ನಿಂತಷ್ಟು ಹೊತ್ತೂ ಗಂಟೆಯಕ್ಕ ಅದೇ ಪಡಸಾಲೆಯನ್ನು ಮತ್ತೆ ಮತ್ತೆ ಒರೆಸಿದರು.

ಆ್ಯಪಿನ ಜೊತೆಗೆ ಇನ್ನೂ ಒಂದು ಮಾತು ಬಂತು. ಪಾರ್ಕಿಂಗ್ ಜಾಗದ ನೆಲದಲ್ಲಿ ನಲವತ್ತೆರಡು ಹಿತ್ತಾಳೆಯ ಪಟ್ಟಿ ಕೂರಿಸುತ್ತಾರಂತೆ, ಹೊಸಿಲಿಗೊಂದು. ಯಾವ ಚಕ್ರವೂ ಅಳಿಸಲಾಗದ್ದು. ಈ ಸುದ್ದಿ ಕೇಳಿದ ದಿನ ಗಂಟೆಯಕ್ಕ ಬಸ್ಸಿನಲ್ಲಿ ತಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದರು. ಆದರೆ ಅದಕ್ಕೊಂದು ಷರತ್ತು. ಹದಿಮೂರನೆಯ ಬಾಗಿಲಿನ ದನಿಯಲ್ಲಿ ಕೊನೆಯ ಒಂದು ನಿಮಿಷ ನಲವತ್ತು ಸೆಕೆಂಡು, ಯಂತ್ರ ಬಂದ ಬೆಳಗಿನ ಮಾತು, ತೆಗೆಯಬೇಕು. ಅಮ್ಮ ಹೆಬ್ಬೆಟ್ಟೂ ಒತ್ತುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಮಗಳು ಸಹಿ ಹಾಕಬೇಕು. ಸಹಿ ಬಾರದಿದ್ದರೆ ಸಾಲುಮನೆಯ ಕಂತೆಯನ್ನೇ ಕೈಬಿಡುತ್ತಾರೆ. ಹಿತ್ತಾಳೆಯೂ ಇಲ್ಲ, ಆ್ಯಪೂ ಇಲ್ಲ, ಪುಸ್ತಿಕೆಯ ಖಾಲಿ ಬಯಲು ಖಾಲಿ ಬಯಲಾಗಿಯೇ ಇರುತ್ತದೆ.

ಒಂದು ವಾರ ಅವರು ಮನೆ ಮನೆ ಅಲೆದು ಸಾಲುಮನೆಯವರನ್ನು ಕೇಳಿದರು. ಇದು ನನ್ನೊಬ್ಬಳ ಅಮ್ಮನ ವಿಷಯವಲ್ಲ, ನಿಮ್ಮೆಲ್ಲರ ಹೊಸಿಲೂ ಇದರಲ್ಲಿದೆ ಎಂದರು. ಹಮಾಲಜ್ಜ ತಲೆ ಅಲ್ಲಾಡಿಸಿದ, ಹೌದೋ ಅಲ್ಲವೋ ತಿಳಿಯಲಿಲ್ಲ. ಹದಿನೇಳನೆಯ ಮನೆಯ ಮಗಳು ನೇರವಾಗಿ ಹೇಳಿದರು: "ಹಾಕ್ಬಿಡೇ ಅತ್ಲಾಗೆ. ನಿಮ್ಮಮ್ಮನ ಅರ್ಧ ಮಾತು ಹೋದ್ರೂ ನಮ್ಮಮ್ಮನ ಹೊಸಿಲಾದ್ರೂ ನಿಲ್ಲುತ್ತೆ." ಅದರಲ್ಲಿ ತಪ್ಪು ಹುಡುಕಲು ಗಂಟೆಯಕ್ಕನಿಗೆ ಆಗಲಿಲ್ಲ.

ಗುರುವಾರ ಮಧ್ಯಾಹ್ನ ಕಚೇರಿಗೆ ಕರೆ. ಮೂರನೆಯ ಮಹಡಿ, ಗಾಜು ಹೊದಿಸಿದ ಮೇಜು, ಧೂಳು ಹಿಡಿದ ಪ್ಲಾಸ್ಟಿಕ್ ಹೂವು. ಹೆಡ್‌ಮಾಸ್ಟರರು ಪಕ್ಕದ ಕುರ್ಚಿಯ ಅಂಚಿನಲ್ಲಿ. ಅಧಿಕಾರಿ ಒಳ್ಳೆಯ ಮಾತಿನವರು. ಕೂರಿಸಿದರು, ನೀರು ತರಿಸಿದರು, ಗಂಟೆಯಕ್ಕನಿಗೆ ಬಹುವಚನ ಹಚ್ಚಿದರು. ಮಕ್ಕಳ ಕೆಲಸ ಊರಿಗೇ ಹೆಮ್ಮೆ ಎಂದರು. ಪುಸ್ತಿಕೆಯ ಆ ಸಾಲನ್ನೂ ತಿದ್ದಿಸುವುದಾಗಿ ಹೇಳಿ, ತಿದ್ದಿದ್ದನ್ನು ಓದಿದರು: "ಹಿಂದೆ ಇಲ್ಲಿ ಕೆಲವು ಕುಟುಂಬಗಳು ವಾಸವಾಗಿದ್ದು, ನಂತರ ಸ್ಥಳಾಂತರಗೊಂಡವು." ಗಂಟೆಯಕ್ಕ ಇನ್ನೊಮ್ಮೆ ಓದಿಸಿಕೊಂಡರು.

"ನಾವು ಸ್ಥಳಾಂತರ ಆಗ್ಲಿಲ್ಲ ಸಾರ್. ನಮ್ಮನ್ನ ಎತ್ತಿ ಆಚೆ ಹಾಕಿದ್ರು."

ಅಧಿಕಾರಿ ಮುಗುಳ್ನಕ್ಕು, ಭಾಷೆ ಸ್ವಲ್ಪ ಮೃದುವಾಗಿದ್ದರೆ ಎಲ್ಲರಿಗೂ ಒಳ್ಳೆಯದು ಎಂದರು. ಮಕ್ಕಳು ಕೇಳುವಂಥದ್ದು, ಕಹಿ ಯಾಕೆ ಎಂದರು. ಶಾಲೆಯಲ್ಲಿ ಇವರದು ಇನ್ನೂ ಕಾಯಂ ಆಗಿಲ್ಲವಂತಲ್ಲ, ಅದನ್ನೂ ನೋಡೋಣ ಎಂದು ಹೆಡ್‌ಮಾಸ್ಟರರ ಕಡೆ ತಿರುಗಿದರು. ಹೆಡ್‌ಮಾಸ್ಟರರು ಪ್ಲಾಸ್ಟಿಕ್ ಹೂವನ್ನು ನೋಡುತ್ತಿದ್ದರು. ಊರು ಸುಳ್ಳನ್ನು ಕೂಗಿ ಹೇಳುವುದಿಲ್ಲ. ಇಂಥ ತಣ್ಣನೆಯ ಕೋಣೆಗಳಲ್ಲಿ, ನೀರು ಕೊಟ್ಟು, ಬಹುವಚನ ಹಚ್ಚಿ, ಅದಕ್ಕೆ ನಮ್ಮ ಕೈಯಿಂದಲೇ ಸಹಿ ಹಾಕಿಸಿಕೊಳ್ಳುತ್ತದೆ.

ಗಂಟೆಯಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು. ಅಮ್ಮನ ಮಾತು ತೆಗೆದರೆ ಆ ಜಾಗದಲ್ಲಿ ಏನಿರುತ್ತದೆ?

ಸಂಗೀತ ಹಾಕುತ್ತೇವೆ ಎಂದರು ಅಧಿಕಾರಿ. ಕೊಳಲು. ತುಂಬಾ ಹಿತವಾಗಿರುತ್ತದೆ. ಹೇಳಿ ಕಾಗದವನ್ನು ಮೇಜಿನ ಗಾಜಿನ ಮೇಲೆ ಜಾರಿಸಿ, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟು, ಇಲ್ಲಿ ಒಂದು ಸಹಿ ಮಾಡಿಬಿಡಿ ಅಮ್ಮಾ, ಎಲ್ಲರ ಕೆಲಸವೂ ಆಗುತ್ತದೆ ಎಂದರು.

ಗಂಟೆಯಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಹೇಳಿದರು:

"ಹಾಕಲ್ಲ ಸಾರ್. ಹಿತ್ತಾಳೆ ಬರದಿದ್ರೆ ಬೇಡ. ಸಾಲುಮನೆಯೋರೆಲ್ಲ ನನ್ನ ಬೈದ್ರೂ ಬೈಸ್ಕೋತೀನಿ. ನಮ್ಮಮ್ಮನ ಬಾಯಿಗೆ ನಾನು ಕೊಳಲು ತುರುಕಲ್ಲ."